ನಸ್ರೀನ್ ಬಿಟ್ಟುಹೋದ ನಕ್ಷತ್ರಗಳು

ಮೊನ್ನೆ ಕೆ.ಆರ್. ಪುರಂ ಕಡೆಯಿಂದ ಬರುವ ಮೆಟ್ರೋದಲ್ಲಿ ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಹೊಸ ಬಟ್ಟೆಯ ಗಂಟು ಘಮ್ಮೆಂದಿತು. ಹೊಸ ಹತ್ತಿಬಟ್ಟೆಯ ಆ ಗಂಜಿ ವಾಸನೆ ನಿಮಗೂ ಗೊತ್ತಿರುತ್ತದೆ. ನನಗೆ ಅದು ಬಂದರೆ ಸಾಕು, ನಸ್ರೀನ್ ನೆನಪಾಗುತ್ತಾಳೆ.

ನಸ್ರೀನ್ ನನ್ನ ಜೊತೆ ಖಗೋಳಶಾಸ್ತ್ರದ ಪಿಎಚ್.ಡಿ.ಗೆ ಸೇರಿದವಳು. ಶಿವಾಜಿನಗರದಲ್ಲಿ ಅವಳಪ್ಪನ ಬಟ್ಟೆ ಅಂಗಡಿ. ಅವಳ ಬ್ಯಾಗು, ಪುಸ್ತಕ, ಕೊನೆಗೆ ಊಟದ ಡಬ್ಬಿಗೂ ಅದೇ ವಾಸನೆ. ನಮ್ಮಿಬ್ಬರಿಗೂ ಒಂದೇ ನಕ್ಷತ್ರಗುಚ್ಛ ಗಂಟುಬಿದ್ದಿತ್ತು. ಒಂದೇ ಮೋಡದಲ್ಲಿ ಒಟ್ಟಿಗೆ ಹುಟ್ಟಿದ ಸಾವಿರಾರು ಎಳೆಯ ನಕ್ಷತ್ರಗಳು, ಇನ್ನೂ ಹುಟ್ಟಿದ ಧೂಳಿನಲ್ಲೇ ಹುದುಗಿರುವಂಥವು. ಕಣ್ಣಿಗೆ ಕಾಣುವ ಬೆಳಕು ಆ ಧೂಳು ದಾಟುವುದಿಲ್ಲ. ಇನ್‌ಫ್ರಾರೆಡ್ ಬೆಳಕು ದಾಟುತ್ತದೆ. ಅದರಲ್ಲಿ ತೆಗೆದ ಚಿತ್ರಗಳಲ್ಲಿ ಚುಕ್ಕೆ ಚುಕ್ಕೆಯನ್ನೂ ಅಳೆಯುವುದು ನಮ್ಮ ಕೆಲಸ. ನಾನು ಅಳೆಯುತ್ತ ತೂಕಡಿಸುತ್ತಿದ್ದೆ.

ಗುಚ್ಛದ ಒಂದು ಮಗ್ಗುಲಲ್ಲಿ ಕಪ್ಪು ಜಾಗವಿತ್ತು. "ಅದು ಖಾಲಿ, ಬಿಟ್ಟು ಮುಂದೆ ಹೋಗಿ" ಎಂದರು ನಮ್ಮ ಗೈಡ್.

"ಖಾಲಿ ಅಲ್ಲ ಸಾರ್, ಅಲ್ಲಿ ಧೂಳು ಜಾಸ್ತಿ ಇದೆ. ಒಳಗೆ ಇದಾವೆ, ನಮ್ಗೆ ಕಾಣ್ತಿಲ್ಲ ಅಷ್ಟೇ" ಎಂದಳು ನಸ್ರೀನ್. ಗೈಡ್ ನಕ್ಕರು. ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದು, "ನೀನಾದ್ರೂ ನಂಬ್ತೀಯೇನೇ?" ಎಂದಳು. ನಂಬ್ತೀನಿ ಎಂದೆ. ನಾನು ನಂಬಿದ್ದು ಅವಳನ್ನು. ಧೂಳಿನ ಬಗ್ಗೆ ನನಗೇನೂ ಅನ್ನಿಸಿರಲಿಲ್ಲ.

ಅಪ್ಪನಿಗೆ ಲಕ್ವ ಹೊಡೆದಾಗ, "ಸ್ವಲ್ಪ ದಿನ ಅಂಗಡಿ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಹೋದವಳು ತಿರುಗಿ ಬರಲಿಲ್ಲ. ಫೋನು ವಾರಕ್ಕೊಮ್ಮೆಯಿಂದ ಹಬ್ಬಕ್ಕೊಮ್ಮೆಗೆ ಇಳಿದು, ಆಮೇಲೆ ನಿಂತೇ ಹೋಯಿತು. ನಾನು ಸಿ.ವಿ. ರಾಮನ್ ನಗರದ ಬಾಡಿಗೆ ಕೋಣೆಯಲ್ಲಿ ಅದೇ ಗುಚ್ಛದ ಜೊತೆ ಉಳಿದೆ. ಅದನ್ನು ಬಿಟ್ಟು ನನಗೆ ಬೇರೆ ಮಾತು ಬಾರದು. ಮನೆ ಓನರಮ್ಮ ನನ್ನನ್ನು ಕಂಡರೆ ಕುಕ್ಕರ್ ಕೂಗಿತೆಂದು ಒಳಗೆ ಹೋಗುತ್ತಾರೆ. ಕುಕ್ಕರ್ ಕೂಗಿರುವುದಿಲ್ಲ.

ಈ ವರ್ಷ ಬಾಹ್ಯಾಕಾಶದ ದೂರದರ್ಶಕವೊಂದು ದಟ್ಟ ಧೂಳನ್ನೂ ದಾಟಬಲ್ಲ, ಇನ್ನೂ ಉದ್ದದ ಇನ್‌ಫ್ರಾರೆಡ್ ಅಲೆಗಳಲ್ಲಿ ಅದೇ ಜಾಗವನ್ನು ನೋಡಿತು. ಕಪ್ಪಿನ ತುಂಬ ಮರಿ ನಕ್ಷತ್ರಗಳು! ಕುರ್ಚಿಯಿಂದೆದ್ದು ಪಕ್ಕಕ್ಕೆ ತಿರುಗಿದೆ. ಹೇಳಲು ಯಾರೂ ಇರಲಿಲ್ಲ.

ಮೊನ್ನೆ ಮೆಟ್ರೋದಲ್ಲಿ ಆ ವಾಸನೆ ಬಂದಾಗ, ಅದರ ಬಗ್ಗೆ ಬರೆಯುತ್ತಿದ್ದ ಪ್ರಬಂಧ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಆಫೀಸಿಗೆ ಹೋಗುವುದನ್ನು ಬಿಟ್ಟು ಎಂ.ಜಿ. ರಸ್ತೆಯಲ್ಲಿ ಇಳಿದು ಶಿವಾಜಿನಗರಕ್ಕೆ ಆಟೋ ಹಿಡಿದೆ. ಅಂಗಡಿಯಲ್ಲಿ ನಸ್ರೀನ್ ಗಿರಾಕಿಯೊಬ್ಬರಿಗೆ ಪರದೆ ಬಟ್ಟೆ ಕತ್ತರಿಸುತ್ತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಮಾತಿಗೆ ಮೊದಲೇ ನಾನು ಚಿತ್ರ ತೆರೆದು ಬಟ್ಟೆಗಳ ಮೇಲಿಟ್ಟೆ. ಅವಳು ನೋಡಿದಳು. ಗಿರಾಕಿ ಗೊಣಗಿದರೂ ನೋಡುತ್ತಲೇ ಇದ್ದಳು.

"ಇದಾವಲ್ಲೇ" ಎಂದಳು ಕೊನೆಗೆ.

"ಪ್ರಬಂಧಕ್ಕೆ ನಿನ್ ಹೆಸರೂ ಹಾಕ್ತಿದೀನಿ. ಕೆಳಗೆ ಯಾವ ಸಂಸ್ಥೆ ಅಂತ ಬರೀಬೇಕು."

"ಸಂಸ್ಥೆ ಎಲ್ಲಿಂದ ತರ್ಲಿ ನಾನು?" ಕತ್ತರಿ ಕೆಳಗಿಟ್ಟಳು. "ಶಿವಾಜಿನಗರ, ಬೆಂಗಳೂರು ಅಂತ ಬರಿ. ಸಾಕು. ಆ ಚಿತ್ರ ನಂಗೂ ಕಳ್ಸು."

ನಿನ್ನೆ ಅವಳ ಮೆಸೇಜು ಬಂತು: "ಬಲಗಡೆ ಮೂಲೇಲಿರೋದು ಒಂದಲ್ಲ, ಎರಡು ನಕ್ಷತ್ರ, ಸರಿಯಾಗಿ ನೋಡು."

ನೋಡಿದೆ. ಒಂದೇ. ಇನ್ನೂ ಉತ್ತರ ಬರೆದಿಲ್ಲ; ಹೇಳಿಬಿಟ್ಟರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ.