ಬ್ರೆಡ್ ಗಾಡಿಯ ಧಣಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಒಂದು ಹೊಲಿಗೆ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿಕೊಂಡು ನೋಡುವುದಕ್ಕೆ ಪರದೆ ಕಟ್ಟಿದ ಒಂದು ಮೂಲೆ, ಅಷ್ಟೆ. ಹೊಸ ಬಟ್ಟೆ ಹೊಲಿಸುವವರು ಅಲ್ಲಿಗೆ ಬರುವುದು ಕಡಿಮೆ. ಪ್ಯಾಂಟಿನ ಕಾಲು ಮಡಿಸುವುದು, ಸೊಂಟ ಸಡಿಲಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಜಿಪ್ ಕಿತ್ತು ಹೊಸದು ಹಾಕುವುದು. ಹಾಗಾಗಿ ಅಂಗಡಿಯವಳು ಇಡೀ ಬೀದಿಗೆ ಜಿಪ್ ಅಕ್ಕ. ಅವಳಿಗಿಂತ ಎಷ್ಟೋ ದೊಡ್ಡವನಾದ ಬೀಗದವನೂ ಅಕ್ಕ ಅಂತಲೇ ಕರೆಯುತ್ತಿದ್ದ. ಅವಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಬಿಟ್ಟುಬಿಟ್ಟಳು.

ಮದುವೆ ಗಿದುವೆ ಅಂತ ಅವಳು ತಲೆ ಕೆಡಿಸಿಕೊಂಡವಳಲ್ಲ. ಇದ್ದವಳು ಒಬ್ಬಳೇ ತಂಗಿ, ಆಸ್ಪತ್ರೆಯಲ್ಲಿ ನರ್ಸು. ತಂಗಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದ ಚೂಟಿ. ಕಡ್ಡಿಯಂಥ ಹುಡುಗಿ, ಬಾಯಿ ಮಾತ್ರ ಇಬ್ಬರದು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ತಂಗಿಯ ಫೋನ್ ಬಂತು.

"ಅಕ್ಕಾ, ಬಿಡುವಿದೆಯಾ?"

"ನಂಗೆ ಬಿಡುವು ಯಾವಾಗ ಇತ್ತು? ವಿಷಯ ಹೇಳು."

"ಚೂಟೀನ ಕುದುರೆ ಸವಾರಿ ಶಿಬಿರಕ್ಕೆ ಸೇರಿಸಿದೀನಿ. ಬರೋ ವಾರ ಪೂರ್ತಿ ಅಲ್ಲೇ ಇರಬೇಕು. ಅವಳ ಗೆಳತಿ ಹೋಗ್ತಾಳಂತೆ, ಇವಳದ್ದು ಒಂದೇ ಹಟ. ಅಂಗಡೀಲಿ ಸಿಗೋ ಸವಾರಿ ಪ್ಯಾಂಟ್ ಒಂದೂ ಆಗ್ತಿಲ್ಲ. ಉದ್ದ ಸರಿ ಹೋದ್ರೆ ಸೊಂಟದಲ್ಲಿ ಇನ್ನೊಬ್ಬಳು ತೂರಬಹುದು. ನೀನೇ ಏನಾದ್ರೂ ಮಾಡಬೇಕು."

ಕುದುರೆ ಎಂಬ ಮಾತು ಕಿವಿಗೆ ಬಿದ್ದೊಡನೆ ಪೆಡಲಿನ ಮೇಲಿದ್ದ ಜಿಪ್ ಅಕ್ಕನ ಕಾಲು ತಾನಾಗಿ ನಿಂತಿತು. "ಕಳಿಸು ಅವಳನ್ನ. ಹೊರಡೋ ದಿನದವರೆಗೂ ನನ್ನ ಹತ್ರಾನೇ ಇರಲಿ" ಎಂದಳು.

ಮರುದಿನ ಚೂಟಿ ಒಂದು ಚೀಲ, ನೂರು ಪ್ರಶ್ನೆ ಹೊತ್ತುಕೊಂಡು ಬಂದಳು. ಜಿಪ್ ಅಕ್ಕ ಹಾಸಿಗೆಯೊಂದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಇಸ್ತ್ರಿ ಮೇಜಿನ ಮೇಲಿಟ್ಟು ಹುಡುಗಿಯನ್ನು ಅದರ ಮೇಲೆ ಕೂರಿಸಿದಳು. ನಿಂತಾಗ ತೆಗೆದ ಅಳತೆ ಕೂತಾಗ ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ಎಲ್ಲಿ ಎಳೆಯುತ್ತದೆ, ಎಲ್ಲಿ ನೆರಿಗೆ ಕಟ್ಟುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಸುತ್ತ ತಿರುಗಿದಳು. ಕಾಲಿನ ಒಳಬದಿಗೆ ಹೊಲಿಗೆಯೇ ಬರಬಾರದು, ಉಜ್ಜಿ ಉಜ್ಜಿ ಚರ್ಮ ಕಿತ್ತು ಬರುತ್ತದೆ.

"ದೊಡ್ಡಮ್ಮಾ, ನೀನು ಕುದುರೆ ಹತ್ತಿದೀಯಾ?"

"ಇಲ್ಲ."

"ಮತ್ತೆ ಇದೆಲ್ಲಾ ಹೇಗೆ ಗೊತ್ತು?"

"ಪ್ಯಾಂಟ್ ಬಗ್ಗೆ ಪ್ಯಾಂಟೇ ಹೇಳುತ್ತೆ. ಕುದುರೆ ಜೊತೆ ಬೆಳೆದಿದ್ದೆ ಅಷ್ಟೆ, ಹತ್ತಿಲ್ಲ. ಅಲ್ಲಾಡಬೇಡ."

ಬೆಳೆದದ್ದು ನಿಜ. ಅವಳ ಅಪ್ಪ ಬೇಕರಿಯೊಂದರಲ್ಲಿ ಕುದುರೆ ಗಾಡಿ ಹೊಡೆಯುತ್ತಿದ್ದ. ಮನೆ ಮನೆಗೆ ಬ್ರೆಡ್ ಹಾಕುವ ಗಾಡಿ. ಹಸಿರು ಬಣ್ಣದ ಮರದ ಪೆಟ್ಟಿಗೆ, ಎರಡು ಬಾಗಿಲು, ಬಾಗಿಲು ತೆರೆದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಕುದುರೆಯ ಹೆಸರು ಧಣಿ. "ನಾನು ಆಳು, ಇವನು ಧಣಿ. ಇವನು ಎಲ್ಲಿ ನಿಲ್ಲು ಅಂತಾನೋ ಅಲ್ಲಿ ನಾನು ನಿಲ್ಲಬೇಕು" ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಸುಳ್ಳೂ ಅಲ್ಲ. ಯಾವ ಮನೆಗೆ ಬ್ರೆಡ್, ಯಾವ ಮನೆ ದಾಟಿ ಹೋಗಬೇಕು, ಎಲ್ಲ ಧಣಿಗೆ ಬಾಯಿಪಾಠ. ಅಪ್ಪ ಲಗಾಮನ್ನು ಮಡಿಲಲ್ಲಿ ಹಾಕಿಕೊಂಡು ತನ್ನದೇ ಪದ ಕಟ್ಟಿ ಹಾಡುತ್ತಿದ್ದ. "ಬಿಸಿ ಬಿಸಿ ಬ್ರೆಡ್ಡು ಬಂತು, ಬೆಣ್ಣೆ ಎಲ್ಲಿ ಹೋಯ್ತು?" ರಾಗ ದಿನಕ್ಕೊಂದು.

ಶಾಲೆಗೆ ರಜೆ ಇದ್ದರೆ ಅವಳಿಗೆ ಅಪ್ಪನ ಪಕ್ಕದ ಜಾಗ. ಕ್ಷೌರದ ಅಂಗಡಿಯ ಮುಂದೆ ಧಣಿ ಖಂಡಿತ ನಿಲ್ಲುತ್ತಿತ್ತು. ಅಲ್ಲಿ ಬ್ರೆಡ್ ಕೊಳ್ಳುವವರೇ ಇರಲಿಲ್ಲ. ಆದರೆ ಕ್ಷೌರಿಕ ಒಮ್ಮೆ ಯಾವಾಗಲೋ ಬೆಲ್ಲ ಕೊಟ್ಟಿದ್ದ. ಅಂದಿನಿಂದ, ಆತ ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದು ಬೆಲ್ಲದ ಚೂರು ಕೊಡುವವರೆಗೂ, ಜಪ್ಪಯ್ಯ ಅಂದರೂ ಧಣಿ ಕದಲುತ್ತಿರಲಿಲ್ಲ. ಹಿಂದಿನ ಸೈಕಲ್ಲಿನವರು ಗಂಟೆ ಬಾರಿಸಿದರೆ ಅಪ್ಪ ತಿರುಗಿ, "ಧಣಿಗೆ ಸ್ವಲ್ಪ ಕೆಲಸ ಇದೆ, ತಾಳಿ ಸ್ವಾಮಿ" ಅನ್ನುತ್ತಿದ್ದ.

ಬೆನ್ನ ಮೇಲೆ ಕೂರಿಸು ಎಂದು ಅವಳು ಎಷ್ಟೋ ಸಲ ಕಾಡಿದ್ದಳು. ಅಪ್ಪ ಒಮ್ಮೆಯೂ ಒಪ್ಪಲಿಲ್ಲ. "ಅವನು ಎಳೆಯೋಕೆ ಬಂದವನು ಮಗಾ, ಹೊರೋಕಲ್ಲ. ಒಬ್ಬನಿಗೆ ಎರಡು ಚಾಕರಿ ಹೇಳಬಾರದು."

ಅವಳಿಗೆ ಹನ್ನೆರಡಾದಾಗ ಬೇಕರಿಯವರು ವ್ಯಾನು ತಂದರು. ಊರಾಚೆಯ ಹಣ್ಣಿನ ತೋಟದವರು ಧಣಿಯನ್ನು ಕೊಂಡರು. ಅಪ್ಪ ಅದನ್ನು ನಡೆಸಿಕೊಂಡೇ ಹೋಗಿ ಬಿಟ್ಟು, ಲಗಾಮನ್ನು ಹೆಗಲ ಮೇಲೆ ಹಾಕಿಕೊಂಡು ಒಬ್ಬನೇ ನಡೆದು ಬಂದ. ಆಮೇಲೆ ಅವನಿಗೆ ಬೇಕರಿಯ ಒಲೆಯ ಮುಂದೆ ಕೆಲಸ ಸಿಕ್ಕಿತು. ಮೈಯೆಲ್ಲ ಹಿಟ್ಟು, ಎದೆಯಲ್ಲಿ ಕೆಮ್ಮು. ತಂಗಿ ಹುಟ್ಟಿದ್ದು ಅದರ ಮರುವರ್ಷ.

ಪ್ಯಾಂಟ್ ತಯಾರಾಯಿತು. ಹೊರಡುವುದಕ್ಕೆ ಎರಡು ದಿನ ಇರುವಾಗ ಚೂಟಿಯ ಬಾಯಿ ಇದ್ದಕ್ಕಿದ್ದಂತೆ ಬಂದಾಯಿತು. ಊಟ ಸೇರಲಿಲ್ಲ. ಪರದೆಯ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡಳು.

"ಏನಾಯ್ತೇ?"

"ಹೊಟ್ಟೆನೋವು. ಶಿಬಿರಕ್ಕೆ ಹೋಗಕ್ಕಾಗಲ್ಲ ಅನ್ಸುತ್ತೆ."

"ಈ ಹೊಟ್ಟೆನೋವು ಫೋನ್ ನೋಡೋಕೆ ಮುಂಚೆ ಬಂತಾ, ಆಮೇಲೆ ಬಂತಾ?"

ಚೂಟಿ ಮುಖ ಸಣ್ಣ ಮಾಡಿದಳು. ಕುದುರೆಯಿಂದ ಬೀಳುವವರ ವಿಡಿಯೊಗಳನ್ನು ಗೆಳತಿ ಕಳಿಸಿದ್ದಳಂತೆ, ಒಂದಾದ ಮೇಲೊಂದು. "ಅದರ ಹಲ್ಲು ನೋಡಿದೀಯಾ ದೊಡ್ಡಮ್ಮಾ? ಕ್ಯಾರೆಟ್ ಕೊಡೋಕೆ ಹೋದ್ರೆ ಕೈನೂ ಸೇರಿಸಿ ತಿನ್ನುತ್ತೆ."

ಹೆದರಬೇಡ ಎಂದು ಜಿಪ್ ಅಕ್ಕ ಹೇಳಲಿಲ್ಲ. "ನಾನೂ ಮೊದಲ ಸಲ ಕ್ಯಾರೆಟ್ ಅಲ್ಲೇ ಬಿಸಾಡಿ ಓಡಿಹೋಗಿದ್ದೆ. ಬಚ್ಚಲಮನೆಗೆ ಹೋಗಿ ಚಿಲಕ ಹಾಕ್ಕೊಂಡಿದ್ದೆ" ಎಂದಳು. ಆಮೇಲೆ ಅಡುಗೆಗೆಂದು ತಂದಿಟ್ಟಿದ್ದ ಚೀಲದಿಂದ ಒಂದು ಕ್ಯಾರೆಟ್ ತೆಗೆದು ಹುಡುಗಿಯ ಕೈಗಿತ್ತಳು. "ನಾನು ಕುದುರೆ. ಬಾ, ತಿನ್ನಿಸು."

"ನೀನಾ?"

"ಯಾಕೆ, ನನ್ನ ಹಲ್ಲು ಸಾಲದಾ? ಹಿಂದಿನಿಂದ ಬರಬೇಡ, ಹೆಗಲಿನ ಕಡೆಯಿಂದ ಬಾ. ಬರೋಕೆ ಮುಂಚೆ ಮಾತಾಡು, ಯಾರು ಬಂದ್ರು ಅಂತ ಕುದುರೆಗೆ ಗೊತ್ತಾಗಬೇಕು. ಅಂಗೈ ಹಪ್ಪಳದ ಹಾಗೆ ಚಪ್ಪಟೆ ಇರಲಿ. ಬೆರಳು ಮಡಚಿದೆಯೋ, ಕಚ್ಚೇ ಕಚ್ಚುತೀನಿ."

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಮುಂದೆ ಚಾಚಿ, ಬುಸ್ಸೆಂದು ಉಸಿರು ಬಿಡುತ್ತಾ ಜಿಪ್ ಅಕ್ಕ ನಿಂತಳು. ಚೂಟಿ ನಡುಗುವ ದನಿಯಲ್ಲಿ, "ನಾನು ಚೂಟಿ, ಬರ್ತಾ ಇದೀನಿ" ಎನ್ನುತ್ತಾ ಪಕ್ಕದಿಂದ ಬಂದು ಅಂಗೈ ಚಾಚಿದಳು. ಜಿಪ್ ಅಕ್ಕ ತುಟಿಯಿಂದಲೇ ಕ್ಯಾರೆಟ್ ಎತ್ತಿಕೊಂಡು ಕರಕರ ಅಗಿಯತೊಡಗಿದಳು. ಅದೇ ಹೊತ್ತಿಗೆ ಔಷಧಿ ಅಂಗಡಿಯವನು ಜಿಪ್ ಕಿತ್ತುಹೋದ ಚೀಲ ಹಿಡಿದು ಬಾಗಿಲಿಗೆ ಬಂದ. ನೋಡಿದವನು ಬೆಪ್ಪಾಗಿ ನಿಂತ.

"ಅಂಗಡಿ... ತೆಗೆದಿದೆಯಾ?"

"ತೆಗೆದಿದೆ" ಎಂದಳು ಚೂಟಿ. "ಕುದುರೆ ಮೇವು ತಿಂತಾ ಇದೆ, ಒಂದ್ನಿಮಿಷ ಕೂತ್ಕೊಳ್ಳಿ."

ಜಿಪ್ ಅಕ್ಕನಿಗೆ ನಗು ಉಕ್ಕಿ ಕ್ಯಾರೆಟ್ ಗಂಟಲಿಗೆ ಸಿಕ್ಕಿಕೊಂಡಿತು. ಕಡೆಗೆ ಔಷಧಿ ಅಂಗಡಿಯವನೇ ನೀರು ತಂದು ಕೊಡಬೇಕಾಯಿತು. ಸಂಜೆಯೊಳಗೆ ಇನ್ನೂ ಮೂರು ಸಲ ಮೇವಿನ ಆಟ ನಡೆದು ಕ್ಯಾರೆಟ್ ಎಲ್ಲ ಖಾಲಿ. ಹೊಟ್ಟೆನೋವಿನ ಸುದ್ದಿ ಮತ್ತೆ ಬರಲಿಲ್ಲ.

ಶಿಬಿರದ ದಿನ ತಂಗಿ ರಾತ್ರಿ ಪಾಳಿ ಮುಗಿಸಿ ನೇರ ಬಂದಳು. ಹೆಲ್ಮೆಟ್ ಸರಿಯಾಗಿ ಕೂರಲೆಂದು ಜಿಪ್ ಅಕ್ಕ ಚೂಟಿಯ ಜಡೆಯನ್ನು ಕತ್ತಿನ ಹತ್ತಿರ ತಗ್ಗಿಸಿ ಹೆಣೆದಳು. ಮೂವರೂ ಬಸ್ಸಿನಲ್ಲಿ ಹೊರಟರು.

ಲಾಯದ ಗೇಟು ದಾಟುವಾಗಲೇ ಆ ವಾಸನೆ ಬಂತು. ಒಣಹುಲ್ಲು, ಬೆವರು, ತೊಗಲು, ಲದ್ದಿ, ಎಲ್ಲ ಬೆರೆತದ್ದು. ಜಿಪ್ ಅಕ್ಕ ಅಲ್ಲೇ ಬೇಲಿಯ ಕಂಬ ಹಿಡಿದುಕೊಂಡಳು. ಎಷ್ಟು ವರ್ಷವಾಗಿತ್ತು! ಅಪ್ಪನ ಮುಖ ನೆನಪು ಮಾಡಿಕೊಳ್ಳಲು ಫೋಟೊ ಬೇಕಾಗುತ್ತಿತ್ತು ಅವಳಿಗೆ. ಈಗ ಅದೆಲ್ಲ ಬೇಡವಾಯಿತು. ಅಪ್ಪ ಪಕ್ಕದಲ್ಲೇ ಸರಿದು ಜಾಗ ಮಾಡಿಕೊಟ್ಟ ಹಾಗಿತ್ತು.

ತರಬೇತಿ ಕೊಡುವ ಗಿಡ್ಡ ಕೂದಲಿನ ಹುಡುಗಿ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಕರೆತಂದಳು. ಚೂಟಿ ಪಕ್ಕದಿಂದ ಹೋಗಿ, ಇಡೀ ಅಂಗಳಕ್ಕೆ ಕೇಳಿಸುವಂತೆ, "ನಾನು ಚೂಟಿ, ಬರ್ತಾ ಇದೀನಿ!" ಎಂದಳು. ಕುದುರೆ ಒಂದು ಕಿವಿ ಮಾತ್ರ ಇವಳ ಕಡೆ ತಿರುಗಿಸಿತು. ಚೂಟಿಗೆ ಅಷ್ಟೇ ಸಾಕಾಯಿತು. ಆಮೇಲೆ ಅಮ್ಮನೂ ಬೇಡ, ದೊಡ್ಡಮ್ಮನೂ ಬೇಡ.

"ನೀವೂ ಮುಟ್ಟಿ ಆಂಟಿ, ಏನೂ ಮಾಡಲ್ಲ" ಎಂದಳು ತರಬೇತಿಯ ಹುಡುಗಿ.

ಜಿಪ್ ಅಕ್ಕ ಕುದುರೆಯ ಕತ್ತಿನ ಕೂದಲ ಅಡಿಗೆ, ಬೆಚ್ಚಗಿರುವ ಜಾಗಕ್ಕೆ ಅಂಗೈ ತೂರಿಸಿದಳು. ಕೈ ತೆಗೆದಾಗ ಕಣ್ಣು ಮಂಜಾಗಿತ್ತು. ತಂಗಿ ಅದನ್ನು ಗಮನಿಸಿದಳು.

ವಾಪಸ್ ಬಸ್ಸಿನಲ್ಲಿ ಇಬ್ಬರೇ ಕೂತ ಮೇಲೆ ತಂಗಿ ಕೇಳಿದಳು. "ಅಪ್ಪನ ಹತ್ರ ಕುದುರೆ ಗಾಡಿ ಇತ್ತು ಅಂತ ಗೊತ್ತು ಅಕ್ಕಾ. ಅಷ್ಟೇ ಗೊತ್ತು. ನೀನು ಯಾವತ್ತೂ ಹೇಳೇ ಇಲ್ಲ."

"ನೀನು ಕೇಳಲಿಲ್ಲ. ನಂಗೂ ತೋಚಲಿಲ್ಲ."

ಜಿಪ್ ಅಕ್ಕ ಹೇಳತೊಡಗಿದಳು. ಹಸಿರು ಪೆಟ್ಟಿಗೆ, ಕ್ಷೌರಿಕನ ಬೆಲ್ಲ, "ತಾಳಿ ಸ್ವಾಮಿ." ದಿನಕ್ಕೊಂದು ರಾಗದ ಬ್ರೆಡ್ಡಿನ ಹಾಡು.

"ಅಪ್ಪ ಹಾಡ್ತಿದ್ರಾ?" ತಂಗಿ ಪೂರಾ ತಿರುಗಿ ಕೂತಳು. "ನಮ್ಮಪ್ಪನಾ?"

ತಂಗಿ ಕಂಡ ಅಪ್ಪ ಒಲೆಯ ಮುಂದಿನಿಂದ ಬಂದು ಗೋಡೆಗೊರಗಿ ಕೆಮ್ಮುತ್ತಾ ಕೂರುವ ಅಪ್ಪ. ಮಾತು ಕಡಿಮೆ. ಹಾಡುವುದಂತೂ ದೂರದ ಮಾತು. ಜಿಪ್ ಅಕ್ಕನಿಗೆ ಅದು ಹೊಳೆದದ್ದೇ ಆಗ. ಒಂದೇ ಅಪ್ಪ, ಆದರೆ ತನಗೆ ಸಿಕ್ಕವನು ಬೇರೆ, ಇವಳಿಗೆ ಸಿಕ್ಕವನು ಬೇರೆ. ಅಕ್ಕಪಕ್ಕದವರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಆ ಹಾಡು ಹಾಡಿ ತೋರಿಸಿದಳು. ಅವಳ ಗಂಟಲಿನಲ್ಲಿ ರಾಗ ನಿಲ್ಲುವುದೇ ಇಲ್ಲ, ಆದರೂ ಹಾಡಿದಳು. ತಂಗಿ ನಕ್ಕಳು, ನಗುತ್ತಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ರಾತ್ರಿಯೆಲ್ಲ ನಿದ್ದೆಗೆಟ್ಟವಳು ಒಂದು ಸಲವೂ ಆಕಳಿಸಲಿಲ್ಲ. ಇಳಿಯುವ ನಿಲ್ದಾಣ ದಾಟಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ವಾರ ಕಳೆದು ಚೂಟಿ ಬಂದಳು. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಮೊಣಕೈಗೆ ಪಟ್ಟಿ. ಮೂರನೇ ದಿನ ಬಿದ್ದಳಂತೆ, ಬಿದ್ದದ್ದು ಮಣ್ಣಿನ ಮೇಲಂತೆ, ಕುದುರೆಯೇ ನಿಂತು ಹಿಂತಿರುಗಿ ನೋಡಿತಂತೆ. ಪ್ಯಾಂಟಿನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಆ ಭಾನುವಾರ ತಂಗಿಯ ಮನೆಯಲ್ಲಿ ಮೂವರೂ ಊಟಕ್ಕೆ ಕೂತಾಗ ಚೂಟಿಯ ಬಾಯಿಗೆ ತಡೆಯೇ ಇರಲಿಲ್ಲ.

"ಹಾಗಾದ್ರೆ ಮುಂದಿನ ರಜೇಗೂ ಕುದುರೇನೇ" ಎಂದಳು ಜಿಪ್ ಅಕ್ಕ.

"ಇಲ್ಲ ದೊಡ್ಡಮ್ಮಾ, ಅದು ಕಲಿತಾಯ್ತಲ್ಲ. ಮುಂದಿನ ಸಲ ಈಜು."

ಜಿಪ್ ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಮಗಳ ಮಾತನ್ನು ಕೇಳಿಸಿಕೊಂಡ ಹಾಗೇ ಇರಲಿಲ್ಲ. ಅಕ್ಕನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾ, "ಅಕ್ಕಾ, ಮಳೆ ಬಂದ ದಿನ ಅಪ್ಪ ಏನ್ ಮಾಡ್ತಿದ್ರು? ಬ್ರೆಡ್ ನೆನೀತಿರಲಿಲ್ವಾ?" ಎಂದು ಕೇಳಿದಳು.