ಪಾಲಾದ ಸಾಣೆಕಲ್ಲು

ಅಪ್ಪ ಸತ್ತಾಗ ಮನೆ, ಕ್ಷೌರದ ಅಂಗಡಿ ಎರಡೂ ಅಣ್ಣ ಕನೆಮಾತ್ಸುವಿಗೆ ಹೋದವು. ತಮ್ಮ ತೊರಾಜಿಗೆ ಒಂದು ಕುರ್ಚಿ, ಒಂದು ಕನ್ನಡಿ ಬಂದವು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಸಾಣೆಕಲ್ಲಿನ ಮಾತು ಬಂದಾಗ ಮಾತ್ರ ಇಬ್ಬರೂ ಬಗ್ಗಲಿಲ್ಲ. ಕ್ಯೋತೊ ಬೆಟ್ಟದ ಹಳೆಯ ಗಣಿಯ ಕಲ್ಲು ಅದು, ಬೆಣ್ಣೆಯಂಥ ಮೈ. ಕೊನೆಗೆ ಕಲ್ಲುಕುಟಿಗನನ್ನು ಕರೆಸಿ ನಡುಮಧ್ಯಕ್ಕೆ ಕೊಯ್ಯಿಸಿದರು. ಆ ಬಂದರೂರಿನ ಜನ ಬಹಳ ದಿನ ನಕ್ಕರು.

ನಗುವವರಿಗೇನು ಗೊತ್ತು. ಕತ್ತಿ ಮಸೆದಂತೆ ಕಲ್ಲಿನ ನಡು ಸವೆದು ತಗ್ಗಾಗುತ್ತದೆ. ತಗ್ಗಿದ ಕಲ್ಲಿನಲ್ಲಿ ಮಸೆದ ಕತ್ತಿಗೆ ತುದಿಗಳಷ್ಟೇ ಹರಿತ, ನಡು ಮೊಂಡು. ಹಾಗಾಗದಂತೆ ಕಲ್ಲನ್ನು ಆಗಾಗ ಉಜ್ಜಿ ಸಮ ಮಾಡಬೇಕು. ಈ ಕಲ್ಲಿಗೆ ಇದರದೇ ಹೋಳು ತಾಗಬೇಕು, ಬೇರೆ ಕಲ್ಲಿನ ಹರಳು ಇದರ ಮೈಗೆ ಹೊಕ್ಕರೆ ಕತ್ತಿಯ ಬಾಯಿ ಹಾಳು ಎಂಬುದು ಅಪ್ಪನ ಕಟ್ಟಳೆ. ಹಾಗಾಗಿ ಪಾಲಾದ ಮೇಲೂ ಅಣ್ಣತಮ್ಮ ತಿಂಗಳಿಗೊಮ್ಮೆ ಬಾವಿಕಟ್ಟೆಯಲ್ಲಿ ಕೂತು, ತಂತಮ್ಮ ಹೋಳಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆ ಪೂರ್ತಿ ಅಳಿಯುವವರೆಗೆ ಒಂದಕ್ಕೊಂದು ಉಜ್ಜುತ್ತಿದ್ದರು. ಮೇಲಿನ ಕಲ್ಲು ಹಳ್ಳ ಬೀಳುತ್ತದೆ, ಕೆಳಗಿನದು ಉಬ್ಬುತ್ತದೆ, ಅದಲುಬದಲು ಮಾಡುತ್ತಿರಬೇಕು. ಜಗಳ ಹುಟ್ಟಿದ್ದು ಅಲ್ಲೇ.

"ಯಾವಾಗ್ಲೂ ನಂದೇ ಯಾಕೆ ಮೇಲೆ? ನನ್ನ ಕಲ್ಲು ತಿಂತಿದೀಯ ನೀನು," ಎಂದ ತೊರಾಜಿ.

"ತಿನ್ನೋನು ನೀನು. ಉಜ್ಜು ಅಂದ್ರೆ ಎಮ್ಮೆ ಥರ ಮೇಲೆ ಬೀಳ್ತೀಯ. ಕಲ್ಲಿನ ಮೇಲೂ ಸಿಟ್ಟೇನೋ ನಿಂಗೆ?"

ತೊರಾಜಿ ತನ್ನ ಹೋಳನ್ನು ತೊಡೆಗೆ ಒರೆಸಿಕೊಂಡು ಎದ್ದು ಬಂದವನು ಮತ್ತೆ ಅಣ್ಣನ ಅಂಗಳ ತುಳಿಯಲಿಲ್ಲ. ತನ್ನ ಹೋಳು ಹಳ್ಳ ಬಿದ್ದ ಮೇಲೆ ಗಿರಾಕಿಗಳಿಗೆ ಪೇಟೆಯ ಒರಟು ಕಾರ್ಖಾನೆ ಕಲ್ಲೇ ಸಾಕೆಂದುಕೊಂಡ. ಬಿಸಿ ಬಟ್ಟೆ, ಸೋಪಿನ ನೊರೆ ಇದ್ದರೆ ಬದುಕಿದ ಗಲ್ಲ ಏನನ್ನಾದರೂ ತಾಳಿಕೊಳ್ಳುತ್ತದೆ.

ಸತ್ತ ಗಲ್ಲ ತಾಳುವುದಿಲ್ಲ. ಗೀರಿದರೆ ರಕ್ತ ಬರುವುದಿಲ್ಲ, ನಿಜ. ಆದರೆ ಸಂಜೆಯೊಳಗೆ ಆ ಗೀರು ಒಣಗಿ, ಕಂದಾಗಿ, ಎಲ್ಲರಿಗೂ ಕಾಣುವಂತೆ ಕೂತುಬಿಡುತ್ತದೆ.

ವರ್ಷಗಳ ಮೇಲೆ, ಹಿಮ ಬೀಳುತ್ತಿದ್ದ ಒಂದು ಬೆಳಗ್ಗೆ ಅತ್ತಿಗೆ ಫುಸಾಎ ಬಂದು ಬಾಗಿಲಲ್ಲೇ ನಿಂತಳು. "ನಿಮ್ಮಣ್ಣ ಹೋಗ್ಬಿಟ್ರು. ಸಂಜೆ ಕೊನೇ ದರ್ಶನದ ಜಾಗರಣೆಗೆ ಊರಿನ ಕ್ಷೌರಿಕರೆಲ್ಲ ಬರ್ತಾರೆ. ಮುಖದ ಕ್ಷೌರ ನೀನೇ ಮಾಡ್ಬೇಕಂತೆ. ಅವರೇ ಹೇಳಿದ್ದು."

"ಬದುಕಿದ್ದಾಗ ಒಂದು ಮಾತು ಆಡ್ಲಿಲ್ಲ. ಈಗ ನಾನು ಬೇಕಾ?"

"ಬರಲ್ಲ ಅನ್ನು, ಹೋಗ್ತೀನಿ. ಮನೇಲಿ ಕೆಲಸ ಬಿದ್ದಿದೆ."

ಅವನು ತನ್ನ ಹೋಳನ್ನೂ ಕತ್ತಿಯನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಹಿಂದೆ ನಡೆದ. ಅಣ್ಣನನ್ನು ಮುಖದ ಮೇಲೆ ಗೀರಿಲ್ಲದಂತೆ ಕಳಿಸಬೇಕು, ಅಷ್ಟೇ.

ಅಡುಗೆಮನೆಯಲ್ಲಿ ಅತ್ತಿಗೆ ಅಣ್ಣನ ಹೋಳನ್ನು ತಂದಿಟ್ಟಳು. ಬೇರೆ ಕಲ್ಲಿಗೆ ಉಜ್ಜಿ ಕನ್ನಡಿಯಂತೆ ಇಟ್ಟುಕೊಂಡಿರುತ್ತಾನೆ ಎಂದುಕೊಂಡಿದ್ದ ತೊರಾಜಿ. ಅದೂ ತನ್ನದರಂತೆಯೇ ಹಳ್ಳ ಬಿದ್ದಿತ್ತು. ನಡು ಹೆಂಚಿನಷ್ಟು ತೆಳ್ಳಗಾಗಿತ್ತು.

"ಇದನ್ನ ಯಾವ ಕಲ್ಲಿಗೂ ಉಜ್ಜಲೇ ಇಲ್ವಾ?"

"ಅಪ್ಪನ ಮಾತು ಮೀರಲ್ಲ ಅಂತಿದ್ರು. ನಿನ್ನ ಹತ್ರ ಬರೋಕೆ ಬಿಗುಮಾನ. ಇಬ್ರೂ ಒಂದೇ ತಳಿ."

ತೊರಾಜಿ ಗೆರೆ ಎಳೆದು, ನೀರು ಚಿಮುಕಿಸಿ ಉಜ್ಜತೊಡಗಿದ. ಹಳ್ಳಕ್ಕೆ ಹಳ್ಳ ಎದುರಾದರೆ ಅಂಚುಗಳು ಮಾತ್ರ ತಾಗುತ್ತವೆ. ಅಂಚಿನ ಗೆರೆ ಅಳಿಯಿತು, ನಡುವಿನದು ಹಾಗೇ ಉಳಿಯಿತು. ತಣ್ಣೀರಿಗೆ ಬೆರಳು ಮರಗಟ್ಟಿದವು. ಮಧ್ಯಾಹ್ನಕ್ಕೆ ಶವಪೆಟ್ಟಿಗೆ ಬರುವುದಿತ್ತು. ಅಣ್ಣನ ಮೇಲೆ, ಆ ನೀರಿನ ಮೇಲೆ, ತನ್ನ ಮೇಲೆ ಸಿಟ್ಟು ನೆತ್ತಿಗೇರಿ ಅವನು ಭುಜದ ಭಾರವನ್ನೆಲ್ಲ ಹಾಕಿದ. ಅಣ್ಣನ ಹೋಳು ಟಕ್ಕೆಂದು ನಡುವಿಗೆ ಮುರಿಯಿತು.

ಒಲೆಯ ಮುಂದಿದ್ದ ಅತ್ತಿಗೆ ತಿರುಗಿ ನೋಡಿದಳು. ಮತ್ತೆ ಒಲೆಗೆ ಕಟ್ಟಿಗೆ ದೂಡಿದಳು. ಬೈದಿದ್ದರೆ ವಾಸಿಯಿತ್ತು.

ಇನ್ನು ಸಮ ಮಾಡುವ ದಾರಿಯಿರಲಿಲ್ಲ. ಅರೆಬರೆ ಉಜ್ಜಿದ ತನ್ನ ಹೋಳಿನ ಮೇಲೇ ಕತ್ತಿ ಮಸೆದ. ಅಣ್ಣನ ಎರಡೂ ಗಲ್ಲ ನಯವಾಗಿ ಬಂದವು. ದವಡೆಯ ಕೆಳಗೆ ಮುಳ್ಳಿನಂಥ ಕೂದಲಿಗೆ ಕತ್ತಿಯ ನಡು ಸಿಕ್ಕಿಕೊಂಡಿತು. ಎಳೆದ. ತುದಿ ಇಳಿಯಿತು. ಬಿಳಿಯ ಗೀರು. ರಕ್ತ ಬರುವುದಿಲ್ಲವೆಂದು ಗೊತ್ತಿದ್ದೂ ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡು ಬಹಳ ಹೊತ್ತು ಕೂತ.

ಸಂಜೆಗೆ ಗೀರು ಕಂದಾಯಿತು. ಅತ್ತಿಗೆ ಹಚ್ಚಿದ ಪೌಡರು ಅದರ ಮೇಲೆ ನಿಲ್ಲಲಿಲ್ಲ. ಕ್ಷೌರಿಕರು ಒಬ್ಬೊಬ್ಬರಾಗಿ ಬಂದು ಊದುಬತ್ತಿ ಹಚ್ಚಿ, ಮುಖದ ಬಿಳಿ ಬಟ್ಟೆ ಎತ್ತಿದರು. ಕ್ಷೌರಿಕನ ಕಣ್ಣು ಮೊದಲು ಹೋಗುವುದೇ ದವಡೆಗೆ. ಮುದುಕ ಶಿರೊಬೆಇ ಗೀರು ನೋಡಿ, ಮೆಲ್ಲಗೆ ತೊರಾಜಿಯ ಕಡೆ ತಿರುಗಿದ.

"ಅದು ನನ್ನ ಕೈ," ಎಂದಳು ಫುಸಾಎ. "ಒಂದು ಸಲ ನಾನೂ ಕತ್ತಿ ಆಡಿಸ್ತೀನಿ ಅಂದೆ. ಕೈ ನಡುಗಿಬಿಡ್ತು."

"ಆಗತ್ತಮ್ಮ, ಆಗತ್ತೆ," ಎಂದ ಮುದುಕ.

ಮುಂದಿನವನಿಗೂ ಅದನ್ನೇ ಹೇಳಿದಳು. ತೊರಾಜಿಯ ಕಿವಿ ಸುಡುತ್ತಿತ್ತು. ಅವಳು ಬೈದಿದ್ದರೆ ಅವನೂ ಬೈದು ಹಗುರಾಗುತ್ತಿದ್ದ. ಮೂರನೆಯವನು ಬಟ್ಟೆ ಎತ್ತಿದಾಗ ಅವಳು ಬಾಯಿ ತೆರೆಯುವ ಮೊದಲೇ ತೊರಾಜಿ ಎಂದ:

"ಅತ್ತಿಗೆ ಸುಳ್ಳು ಹೇಳ್ತಿದಾರೆ. ಕುಯ್ದಿದ್ದು ನಾನು."

ಬಂದವನು ಬಟ್ಟೆಯನ್ನು ಮೆಲ್ಲಗೆ ಮುಚ್ಚಿದ. "ಗೊತ್ತು," ಎಂದ. "ಹೊರಗೆ ಕೂತಿರೋರಿಗೆಲ್ಲ ಗೊತ್ತು."