ಮೈದಾನದ ನಾಲ್ಕು ವೃತ್ತಗಳು

ನಗಲು ಶುರು ಮಾಡಿದರೆ ನಮ್ಮ ಜೀವಶಾಸ್ತ್ರದ ಮೇಡಂ ಅವರ ಕನ್ನಡಕ ಮೂಗಿನ ತುದಿಗೆ ಜಾರಿಬಿಡುತ್ತಿತ್ತು. ಅದನ್ನು ಮೇಲಕ್ಕೆ ತಳ್ಳಲು ಚಾಕ್‌ಪೀಸ್ ಹಿಡಿದ ಕೈಯನ್ನೇ ಎತ್ತುವರು. ಮಧ್ಯಾಹ್ನದ ಹೊತ್ತಿಗೆ ಮೂಗು, ಹುಬ್ಬು ಎಲ್ಲ ಬೆಳ್ಳಗೆ.

ರಾಮದುರ್ಗದ ಕಾಲೇಜು ಸೇರಿದಾಗ ನನಗಿದ್ದ ಆಸೆ ಒಂದೇ, ದನದ ಡಾಕ್ಟರ್ ಆಗಬೇಕು. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಧಾರವಾಡದ ಒಂದು ಕೋಚಿಂಗ್ ಕೇಂದ್ರದಲ್ಲಿ ಪುಕ್ಕಟೆ ಮಾದರಿ ಪರೀಕ್ಷೆ ಇದೆಯೆಂದು ಮೇಡಂ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದರು. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ನನಗೆ ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ಮುಗಿಸುವುದೇ ಆಗಲಿಲ್ಲ. ಉಳಿದದ್ದಕ್ಕೆಲ್ಲ ಕಣ್ಣುಮುಚ್ಚಿ ಉತ್ತರದ ಹಾಳೆಯ ವೃತ್ತ ತುಂಬಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂಬುದು ತಲೆಯಲ್ಲೇ ಇರಲಿಲ್ಲ. ಬಂದ ಅಂಕ ಸೊನ್ನೆಗಿಂತ ಕೆಳಗೆ!

ವಾಪಸು ಬರುವಾಗ ಬಸ್ಸಿನಲ್ಲಿ ಅಳುತ್ತ ಕುಳಿತಿದ್ದೆ. ಮೇಡಂ ಪಕ್ಕಕ್ಕೆ ಬಂದು ಕುಳಿತರು. "ಪ್ರಶ್ನೆಪತ್ರಿಕಿ ಎಲ್ಲಾರಿಗೂ ಒಂದ ಐತೆವಾ. ಪ್ಯಾಟಿ ಹುಡುಗರಿಗೆ ಸಿಕ್ಕ ತಯಾರಿ ನಿನಗ ಸಿಕ್ಕಿಲ್ಲ, ಅಷ್ಟ. ಅದನ್ನ ನಾ ನೋಡ್ಕೋತೇನಿ. ನೀ ಮೊದಲ ಕಣ್ಣ ಒರಸ್ಕೋ."

ಮರುದಿನ ಸಂಜೆ ಮೈದಾನದಲ್ಲಿ ಸುಣ್ಣದಿಂದ ನಾಲ್ಕು ದೊಡ್ಡ ವೃತ್ತ ಬರೆದರು. ಸೆರಗು ಸಿಕ್ಕಿಸಿಕೊಂಡು, ಪ್ರಶ್ನೆ ಮತ್ತು ವೃತ್ತಕ್ಕೊಂದರಂತೆ ನಾಲ್ಕು ಉತ್ತರ ಕೂಗಿ, ಸೀಟಿ ಊದುವರು. ಸರಿ ಅನ್ನಿಸಿದ ವೃತ್ತಕ್ಕೆ ನಾವು ಓಡಬೇಕು. ತಪ್ಪಿದರೆ ಮೈದಾನಕ್ಕೆ ಒಂದು ಸುತ್ತು. "ಗೊತ್ತಿಲ್ಲಂದ್ರ ಇದ್ದಲ್ಲೇ ನಿಲ್ರಿ! ಅದೂ ಶ್ಯಾಣೇತನಾನ!" ಎಂದು ಕೂಗುವರು. ಕಾಂಪೌಂಡಿನ ಮೇಲೆ ಕುಳಿತ ಮಂದಿ "ಮೂರನೇದು, ಮೂರನೇದು!" ಎಂದು ಅರಚಿ ನಮ್ಮ ದಾರಿ ತಪ್ಪಿಸುವರು. ಹೀಗೆ ಓಡುತ್ತ ನಗುತ್ತಲೇ ಪರೀಕ್ಷೆಯ ಭಯ ಬಿಟ್ಟುಹೋಯಿತು.

ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಪಡೆಯಬಹುದು ಎಂದು ಹೇಳಿದವರೂ ಅವರೇ. "ಕನ್ನಡದಾಗ ಬರದ್ರ ಮಂದಿ ಕಡಿಮಿ ಅಂತ ತಿಳೀತಾರ್ರಿ," ಎಂದೆ.

"ಪರೀಕ್ಷಾದಾಗ ಕೇಳೂದು ಕಪ್ಪಿ ಹೃದಯದ ಬಗ್ಗೆ. ಆ ಕಪ್ಪಿಗೂ ಇಂಗ್ಲಿಷ್ ಬರಂಗಿಲ್ಲ, ತಗೋ!"

ಪರೀಕ್ಷೆ ಕನ್ನಡದಲ್ಲೇ ಬರೆದೆ. ಸೀಟು ಸಿಕ್ಕ ದಿನ ಮೇಡಂ ಸ್ಕೂಟಿ ಹತ್ತಿ ನಮ್ಮೂರಿಗೇ ಬಂದುಬಿಟ್ಟರು. ಅವ್ವ ಎಮ್ಮೆ ಹಿಂಡುತ್ತಿದ್ದಳು. ಮೇಡಂ ಎಮ್ಮೆಯ ಬೆನ್ನು ತಟ್ಟಿ, "ಇನ್ ಮುಂದ ನಿನ್ನ ಡಾಕ್ಟರ್ ಈಕಿನ. ಒದಿಬ್ಯಾಡ ಮತ್ತ!" ಎಂದರು. ಅವ್ವ ನಕ್ಕ ನಗೆಗೆ ಹಾಲಿನ ಚರಿಗೆಯೇ ಉರುಳಿತು.

ಈಗ ಸವದತ್ತಿ ಕಡೆ ಕೆಲಸದಲ್ಲಿದ್ದೇನೆ. ಮೇಡಂ ನಿವೃತ್ತರಾಗಿ ಒಂದು ಆಕಳು ಸಾಕಿಕೊಂಡಿದ್ದಾರೆ. ಈಚೆಗೆ ಅದು ಕರು ಹಾಕಲಾರದೆ ಒದ್ದಾಡಿದಾಗ ನನ್ನನ್ನು ಕರೆಸಿದರು. ಕೊನೆಗೆ ಕರು ಸುಖವಾಗಿ ಹೊರಬಂದಿತು, ತಾಯಿ ನೆಕ್ಕತೊಡಗಿತು. ಮೇಡಂ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಡಾಕ್ಟರ್, ಕೈ ತೊಳಕೊಂಡು ಒಳಗ ಬರ್ರಿ."

ನಾನು ಕೈ ತೊಳೆಯುತ್ತ ತಲೆಯೆತ್ತಿದೆ. "ನನಗ ಬರ್ರಿ ಗಿರ್ರಿ ಅನ್ನಬ್ಯಾಡ್ರಿ ಮೇಡಂ."

"ಸುಮ್ನಿರ್ರಿ! ಹಂಗ ಕರಿಯಾಕ ನಾ ಎಷ್ಟ ವರ್ಷದಿಂದ ಕಾಯಾಕತ್ತೇನಿ, ನಿಮಗೇನ್ ಗೊತ್ತು?"